ಗೌರಿ ಕೊಂಡುಹೋದ ತಾಕು

ಮೊನ್ನೆ ಚೌತಿ ಹತ್ತಿರ ಬಂದಾಗ ಕಾರವಾರದ ಹಣಕೋಣದಲ್ಲಿ ನಮ್ಮ ಪಕ್ಕದ ಮನೆಯವರು ಅಂಗಳದ ಹುಲ್ಲಿಗೆ ಔಷಧಿ ಹೊಡೆಸಿದರು. ಬೆನ್ನಿಗೆ ಪಂಪು ಕಟ್ಟಿಕೊಂಡ ಆಳು ನಮ್ಮ ಬೇಲಿಯ ಗುಂಟ ನಡೆದು ಹೋದ. ಸೀಮೆಎಣ್ಣೆಗೂ ಹೊಸ ಪೇಂಟಿಗೂ ನಡುವಿನ ಒಂದು ವಾಸನೆ ಅಡುಗೆಮನೆಯವರೆಗೆ ಬಂತು. "ಕಿಟಕಿ ಹಾಕ್ಕಳ್ಳಿ ಅಕ್ಕ, ತಲೆ ನೋಯ್ತದೆ" ಎಂದು ಪಕ್ಕದಾಕೆ ಕೂಗಿ ಹೇಳಿದಳು. ನಾನು ಹಾಕಲಿಲ್ಲ. ಒಲೆ ಸಣ್ಣ ಮಾಡಿ ಹಿತ್ತಿಲ ಮೆಟ್ಟಿಲ ಮೇಲೆ ಕೂತೆ. ತಲೆ ನೋಯಲಿಲ್ಲ. ಅಂಕೋಲೆಯ ನನ್ನ ಅಣ್ಣನ ಮಕ್ಕಿಗದ್ದೆ, ಅಲ್ಲಿ ನಾವು ತಾಯಿ ಮಗಳು ಕಳೆದ ಒಂದು ಮಳೆಗಾಲ, ಇದ್ದ ಹಾಗೇ ಎದುರು ಬಂದು ನಿಂತವು.

ಅದರ ಹಿಂದಿನ ವರ್ಷ ಗಣಪತಿ ಬಿಟ್ಟ ಮೇಲೆ ನಮ್ಮವರು ತೀರಿಕೊಂಡಿದ್ದರು. ಬೈತಖೋಲದ ಬಂದರಿನಲ್ಲಿ ಲೋಡಿಂಗಿನ ಆಳುಗಳ ಮೇಲಿನ ಮುಕಾದಮರಾಗಿದ್ದರು. ಬೆಳಿಗ್ಗೆ ಚಹಾ ಕುಡಿದು ಹೋದವರನ್ನು ಮಧ್ಯಾಹ್ನ ಜೊತೆಯವರು ಎತ್ತಿಕೊಂಡು ಬಂದರು. ನರಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ. ಅದೂ ದೇವರ ಒಂದು ದಯೆ ಎಂದು ನಾನು ಆವತ್ತೇ ಎಣಿಸಿಕೊಂಡೆ. ದಿನದ ಕೊನೆಗೆ ದೀಪ ಹಚ್ಚಿ, ಆವತ್ತು ಸಿಕ್ಕ ಸಣ್ಣಪುಟ್ಟ ದಯೆಗಳನ್ನು ದೇವರ ಎದುರು ಹೇಳಿಕೊಳ್ಳುವುದು ನನಗೆ ಮದುವೆಗೆ ಮುಂಚಿನಿಂದ ಬಂದ ರೂಢಿ. ಅವರು ಹೋದ ಮೇಲೂ ಬಿಡಲಿಲ್ಲ. ಆದರೆ ಕಾವಲಿಯಿಂದ ತೆಗೆದ ದೋಸೆ ಎಣಿಸಿದ ಹಾಗೆ ಎಣಿಸುತ್ತಿದ್ದೆ, ಅಷ್ಟೇ. ಬಿಸಿ ಕೈಗೆ ಹತ್ತುತ್ತಿರಲಿಲ್ಲ.

ನಮ್ಮ ಒಬ್ಬಳೇ ಮಗಳು ರೇಣು ಆಗ ಕೃಷಿ ಕಾಲೇಜಿನಲ್ಲಿ ದೊಡ್ಡ ಪದವಿಯ ಕೊನೆಯ ವರ್ಷದಲ್ಲಿದ್ದಳು. ಸೋಯಾಬೀನಿನ ಗದ್ದೆಯಲ್ಲಿ ಕಳೆ ಕೊಲ್ಲುವ ಔಷಧಿಗಳಲ್ಲಿ ಯಾವುದು ಮೇಲು, ಔಷಧಿ ಮೇಲೋ ಕೈಯಲ್ಲಿ ಕೀಳುವುದು ಮೇಲೋ ಎಂದು ಹೋಲಿಸಿ ನೋಡುವುದು ಅವಳ ಪ್ರಯೋಗ. ಅಪ್ಪನ ಸುದ್ದಿ ಕೇಳಿ ಓಡಿ ಬಂದವಳು ಹದಿಮೂರನೆಯ ದಿನದ ಕಾರ್ಯ ಮುಗಿಸಿ ಹೋಗುವಷ್ಟರಲ್ಲಿ ಅಲ್ಲಿ ಬೆಳೆ ಒಣಗಿ, ಕಾಯಿ ಒಡೆದು, ಕಾಳೆಲ್ಲ ನೆಲಕ್ಕೆ ಬಿದ್ದಿತ್ತು. ಸೋಯಾಬೀನ್ ಹಣ್ಣಾದ ಮೇಲೆ ಯಾರಿಗೂ ಕಾಯುವುದಿಲ್ಲವಂತೆ. ಬೇರೆಯವರು ಕೊಯ್ಯೋಣ ಎಂದರೆ ಪ್ರಯೋಗದ ಒಂದು ತಾಕಿನ, ಅಂದರೆ ಒಂದು ತುಂಡು ಗದ್ದೆಯ, ಕಾಳು ಇನ್ನೊಂದಕ್ಕೆ ಬೆರೆತು ಲೆಕ್ಕ ಕೆಡುತ್ತದೆಂದು ಯಾರೂ ಕೈ ಹಾಕಿರಲಿಲ್ಲ. ಇದನ್ನು ಅವಳು ನನಗೆ ಹೇಳಲೇ ಇಲ್ಲ. ಒಂದು ವರ್ಷದ ಕೆಲಸ ಹೋಯಿತೆಂದು ನನಗೆ ತಿಳಿದದ್ದು ಬೇಸಿಗೆಯಲ್ಲಿ, ಅವಳ ಸರ್ ಫೋನ್ ಮಾಡಿದಾಗ.

"ಇನ್ನೊಂದು ಮಳೆಗಾಲ ಕೊಡ್ತೇವಮ್ಮ. ಅದೂ ಹೋದರೆ ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂದರು ಅವರು. ಕರಾವಳಿಯ ಎತ್ತರದ ಗದ್ದೆಗಳಲ್ಲಿ, ಈ ಮಳೆಯಲ್ಲಿ ಸೋಯಾ ಬರುತ್ತದೆಯೋ ಎಂದು ನೋಡುವ ಆಸೆ ಅವರಿಗೂ ಇತ್ತು. ನಿಮ್ಮ ಕಡೆಯೇ ಜಾಗ ಇದ್ದರೆ ನೋಡಿ, ಮಗಳು ನಿಮ್ಮ ಜೊತೆಗೂ ಇದ್ದ ಹಾಗಾಯಿತು ಎಂದರು. ಅಂಕೋಲೆ ಕಡೆಯ ಹಾರವಾಡದಿಂದ ಒಳಗೆ ನನ್ನ ಅಣ್ಣನಿಗೆ ಮಕ್ಕಿಗದ್ದೆ ಇತ್ತು. ಮಕ್ಕಿ ಎಂದರೆ ಗುಡ್ಡದ ಬುಡದ ಎತ್ತರದ ಗದ್ದೆ, ನೀರು ನಿಲ್ಲುವುದಿಲ್ಲ. ನಾವು ಹಣಕೋಣದ ಮನೆಗೆ ಬೀಗ ಹಾಕಿ, ದೇವರ ಪಟ ಒಂದನ್ನು ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆವು.

ಅಣ್ಣ ಒಳ್ಳೆಯವನು, ಬಾಯಿ ಮಾತ್ರ ಜೋರು. ರೇಣು ಹಗ್ಗ ಎಳೆದು ಗದ್ದೆಯನ್ನು ಸಣ್ಣ ಸಣ್ಣ ತಾಕುಗಳಾಗಿ ಮಾಡಿ, ಒಂದೊಂದಕ್ಕೂ ಗೂಟ ನೆಟ್ಟು ಚೀಟಿ ಕಟ್ಟುತ್ತಿದ್ದಾಗ ಬದುವಿನ ಮೇಲೆ ನಿಂತು ಎಲ್ಲ ಕೇಳಿದ.

"ಇದ್ಯಾಕೆ ಚೌಕ ಚೌಕ? ಗದ್ದೆಯಾ, ಪಗಡೆ ಹಾಸಾ?"

"ಒಂದೊಂದಕ್ಕೆ ಒಂದೊಂದು ಔಷಧಿ ಮಾವ. ಇದಕ್ಕೆ ಬೀಜ ಮೊಳೆಯೂಕೆ ಮುಂಚೆ ಹೊಡೆಯೂದು. ಇದಕ್ಕೆ ಮೊಳೆತು ಸ್ವಲ್ಪ ದೊಡ್ಡಾದ ಮೇಲೆ. ಇದಕ್ಕೆ ಎರಡೂ. ಇದಕ್ಕೆ ಮುಂಚೆ ಔಷಧಿ, ಆಮೇಲೆ ಒಂದು ಸಲ ಕೈಯಲ್ಲಿ ಕೀಳೂದು. ಇದಕ್ಕೆ ಔಷಧಿಯೇ ಇಲ್ಲ, ಬರೀ ಕೈ."

"ಮತ್ತೆ ಇದು?"

"ಇದಕ್ಕೆ ಎಂತದೂ ಇಲ್ಲ. ಕಳೆ ಬಂದ ಹಾಗೆ ಬರ್ಲಿ ಅಂತ ಬಿಡೂದು. ಹಾಗೆ ಮೂರು ಅದೆ, ಅಲ್ಲೊಂದು, ಇಲ್ಲೊಂದು, ಆ ಮೂಲೆಗೊಂದು."

ಅಣ್ಣ ನನ್ನ ಕಡೆ ತಿರುಗಿದ. "ಕೇಳಿದ್ಯನೇ? ಕಳೆ ಬೆಳೆಸೂಕೆ ಮಗಳನ್ನ ಇಷ್ಟು ಓದಿಸಿದ್ದಾ? ನಮ್ಮ ಅಪ್ಪ ಇದ್ದಿದ್ರೆ ಬಾರುಕೋಲು ತಕಂಡು ಬರ್ತಿದ್ದ."

"ಅದು ಇಲ್ಲದೆ ಇದ್ರೆ ಬೇರೆಯವು ಎಷ್ಟು ಮೇಲು ಅಂತ ಗೊತ್ತಾಗೂದು ಹ್ಯಾಂಗೆ ಮಾವ? ಔಷಧಿ ಎಷ್ಟು ಉಳಿಸ್ತು ಅನ್ನೂಕೆ, ಉಳಿಸದೆ ಇದ್ರೆ ಎಷ್ಟು ಹೋಗ್ತಿತ್ತು ಅಂತ ಕಾಣಬೇಕಲ್ಲ."

"ಆತು ಮಾರಾಯ್ತಿ. ಬೇರೆ ಯಾರಿಗೂ ಹೇಳಬೇಡ, ಆಲಸಿ ಗಂಡಸರೆಲ್ಲ ನಾವೂ ಪ್ರಯೋಗ ಮಾಡ್ತಾ ಇದ್ದೇವೆ ಅಂದಾರು."

ರೇಣು ನಕ್ಕಳು. ಅವಳು ನಗುತ್ತಿದ್ದಳು, ಉಣ್ಣುತ್ತಿದ್ದಳು, ಸರಿಯಾಗಿ ನಿದ್ದೆ ಮಾಡುತ್ತಿದ್ದಳು. ಅಪ್ಪನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಹದಿಮೂರು ದಿನದಲ್ಲಿಯೂ ಅತ್ತವಳಲ್ಲ. ನಾನು ಮೊದಲೆರಡು ದಿನ ಅತ್ತೆ, ಆಮೇಲೆ ನನಗೂ ನಿಂತುಹೋಯಿತು. ನಲ್ಲಿಯಲ್ಲಿ ನೀರು ಬರುವುದು ನಿಂತರೆ ಯಾಕೆ ಎಂದು ಕೇಳುವುದಿಲ್ಲವಲ್ಲ, ಕೊಡ ಎತ್ತಿಟ್ಟು ಬೇರೆ ಕೆಲಸ ನೋಡುತ್ತೇವೆ. ಹಾಗೆ ಇಬ್ಬರೂ ಬೇರೆ ಕೆಲಸ ನೋಡಿದೆವು.

ಬಿತ್ತಿದ ಮಾರನೆಯ ದಿನ ಮೊದಲ ಔಷಧಿ. ಅರಿಶಿನ ಕದಡಿದ ಹಾಗೆ ಹಳದಿಯಾಗಿತ್ತು. ಕೈಗವಸು, ಮುಖಗವಸು ಎಲ್ಲ ಹಾಕಿಕೊಂಡೇ ಹೊಡೆದಳು. ಆದರೂ ಅಳತೆ ಮಾಡಿದ ಡಬ್ಬಿ ತೊಳೆಯುವಾಗ ಬೆರಳಿನ ತುದಿ ಹಳದಿಯಾಯಿತು. ಸಾಬೂನು ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ಮೊಳೆತ ಮೇಲೆ ಹೊಡೆಯುವ ಎರಡನೆಯ ಔಷಧಿ ಇನ್ನೂ ಕಷ್ಟದ್ದು. ಎಲೆ ಒಣಗಿರಬೇಕು, ಹೊಡೆದ ಮೇಲೆ ಒಂದೆರಡು ತಾಸಾದರೂ ಮಳೆ ಬರಬಾರದು. ಆಷಾಢದಲ್ಲಿ ನಮ್ಮ ಕಡೆ ಅಂಥ ಹೊತ್ತನ್ನು ಯಾರು ಕೊಡುತ್ತಾರೆ? ದಿನಗಟ್ಟಲೆ ಅವಳು ಪಂಪು ತುಂಬಿಸಿಟ್ಟುಕೊಂಡು ಜಗಲಿಯಲ್ಲಿ ಕೂತು ಆಕಾಶ ನೋಡಿದಳು. ಕಳೆ ತನ್ನ ಪಾಡಿಗೆ ಎಲೆ ಮೇಲೆ ಎಲೆ ಬಿಡುತ್ತಿತ್ತು. ಒಂದು ಎಲೆ ಹೆಚ್ಚಾದರೆ ಔಷಧಿ ಹತ್ತುವುದಿಲ್ಲವಂತೆ. ನಾನು ದೇವರ ಪಟದ ಎದುರು ಕೂತೆ. ಅಣ್ಣನ ಹೆಂಡತಿ ಶಾಂತಾ ವೈನಿ ಅಕ್ಕಿ ಕೇರುತ್ತಾ ಅಂದಳು:

"ಮಳೆ ಬರ್ಲಿ ಅಂತ ಹರಕೆ ಹೊತ್ತವರನ್ನ ಕಂಡಿದ್ದೆ. ನಿಲ್ಲಲಿ ಅಂತ ಹೊರೂದು ನೀವು ತಾಯಿ ಮಗಳೇ. ನಮ್ಮ ಗಣಪತಿಗೆ ತಲೆ ಕೆಡ್ತದೆ. ಆಚೆಮನೆಯವರು ಅಗೆ ನೆಡೂಕೆ ಇನ್ನೂ ನೀರು ಬೇಕು ಅಂತಾರೆ, ನೀವು ನೀರು ಬೇಡ ಅಂತೀರಿ."

ಮರುದಿನ ಊಟದ ಹೊತ್ತಿಗೆ ಮಳೆ ಬಿಟ್ಟಿತು. ಬಿಸಿಲೇ ಬಿತ್ತು. ರೇಣು ತಟ್ಟೆ ಬಿಟ್ಟು ಎದ್ದು ಓಡಿದಳು. ಅವಳು ಕೊನೆಯ ತಾಕು ಮುಗಿಸಿ, ಪಂಪು ತೊಳೆದು, ಮಿಂದು ಬಂದು, ಆರಿದ ಅನ್ನವನ್ನೇ ಉಂಡು ಮುಗಿಸಿದ ಮೇಲೆ ಮಳೆ ತಿರುಗಿ ಹಿಡಿಯಿತು. ದೀಪ ಹಚ್ಚಿ ಇದನ್ನು ಹೇಳಿಕೊಂಡೆ. ಹೇಳುವಾಗ ನನ್ನ ಧ್ವನಿ ಬೇರೆಯವರ ಮನೆಯ ಸುದ್ದಿ ಹೇಳಿದ ಹಾಗಿತ್ತು.

ಶ್ರಾವಣ ಬರುವಷ್ಟರಲ್ಲಿ ಗದ್ದೆಯನ್ನು ನೋಡಿದವರಿಗೇ ತಾಕುಗಳ ಭೇದ ಕಾಣುತ್ತಿತ್ತು. ಔಷಧಿ ಹೊಡೆದಲ್ಲಿ ಸೋಯಾ ಸಾಲು ಬೈತಲೆ ತೆಗೆದ ಹಾಗೆ. ಕೈಯಲ್ಲಿ ಕಿತ್ತಲ್ಲಿಯೂ ಹಾಗೆಯೇ, ನಡುವೆ ಮಳೆಯಿಂದ ತಡವಾಗಿ ಸ್ವಲ್ಪ ಹುಲ್ಲು. ಏನೂ ಮಾಡದೆ ಬಿಟ್ಟ ಮೂರು ತಾಕುಗಳಲ್ಲಿ ಮಾತ್ರ ಸೋಯಾ ಎಲ್ಲಿದೆಯೆಂದು ಹುಡುಕಬೇಕು. ಗರಿಕೆ, ತುಂಬೆ, ಕೋಳಿಜುಟ್ಟು, ಸೊಂಟದೆತ್ತರಕ್ಕೆ ಗೌರಿ ಹೂವಿನ ಗಿಡ. ನೀರು ತುಂಬಿದ ಗುಲಾಬಿ ಬಣ್ಣದ ದಂಟು, ಗೆಣ್ಣು ಗೆಣ್ಣಿಗೂ ಹೂವು. ಸಂಜೆ ಗದ್ದೆಗೆ ಬಂದ ವೈನಿ ಮೂಲೆಯ ತಾಕಿನ ಎದುರು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನೀ ಎಂತಾ ಹೇಳು ರೇಣು, ಇಡೀ ಗದ್ದೆಯಲ್ಲಿ ಕಳೆ ಇರೂದು ಈ ಕಳೆಗೇ ನೋಡು. ನಿನ್ನ ಸೋಯಾ ಮುಖದಲ್ಲಿ ಎಂತದೂ ಇಲ್ಲ."

ಅಲ್ಲಿಂದ ತೊಡಕು ಶುರುವಾಯಿತು. ಆ ಕೇರಿಯಲ್ಲಿ ಗೌರಿ ಎಂದರೆ ಮೂರ್ತಿಯಲ್ಲ. ಚೌತಿಯ ಹಿಂದಿನ ದಿನ ಬೆಳಿಗ್ಗೆ ಗೌರಿ ಹೂವಿನ ಗಿಡ, ತುಂಬೆ, ಗರಿಕೆ ಎಲ್ಲವನ್ನೂ ಬೇರುಸಹಿತ ಕಿತ್ತು ಸೂಡಿ ಕಟ್ಟಿ ತಂದು, ಸೀರೆ ಉಡಿಸಿ ಪೂಜೆ ಮಾಡುತ್ತಾರೆ. ಕೇರಿಯ ಎಲ್ಲ ಮನೆಗಳಿಗೂ ಗೌರಿಯನ್ನು ಕಿತ್ತು ತರುವವಳು ಒಬ್ಬಳೇ, ಹಿರಿಯ ಮುತ್ತೈದೆ. ಅವಳು ಮಿಂದು ಹೊಸ್ತಿಲು ದಾಟಿದ ಮೇಲೆ, ಗೌರಿಯನ್ನು ಒಳಗೆ ತಂದು ಇಳಿಸುವ ತನಕ ಮಾತಾಡುವಂತಿಲ್ಲ. ಅವಳನ್ನು ಯಾರೂ ಮಾತಾಡಿಸುವಂತಿಲ್ಲ, ತಡೆಯುವಂತಿಲ್ಲ, ಹಿಂದಿನಿಂದ ಕೂಗುವಂತಿಲ್ಲ. ತವರಿಗೆ ಹೊರಟ ಗೌರಿಯನ್ನು ಯಾರಾದರೂ ಕೂಗಿ ನಿಲ್ಲಿಸಿದರೆ ಅವಳು ಬಂದ ದಾರಿಯಲ್ಲೇ ಹೋಗಿಬಿಡುತ್ತಾಳೆ ಎಂದು ನಂಬಿಕೆ. ನಾನು ಹುಟ್ಟಿ ಬೆಳೆದದ್ದೇ ಆ ಕೇರಿಯಲ್ಲಿ, ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಮೊದಲು ಗುಡ್ಡದ ಇಳಿಜಾರಿನ ತುಂಬ ಆ ಗಿಡಗಳು ಇರುತ್ತಿದ್ದವು. ಈಗ ಗೇರುತೋಟದವರು ಅಲ್ಲೆಲ್ಲ ಔಷಧಿ ಹೊಡೆಸುತ್ತಾರೆ. ಆ ವರ್ಷ ಕಣ್ಣಿಗೆ ತುಂಬುವಷ್ಟು ಗೌರಿ ಇದ್ದದ್ದು ರೇಣುವಿನ ಆ ಮೂರು ತಾಕುಗಳಲ್ಲೇ. ಹೆಂಗಸರು ಒಬ್ಬೊಬ್ಬರಾಗಿ ಬಂದು ಬದುವಿನಿಂದ ನೋಡಿ ಹೋದರು. ರೇಣು ಎಲ್ಲರನ್ನೂ ಅಣ್ಣನ ಜಗಲಿಗೆ ಕರೆದು ಚಹಾ ಕೊಟ್ಟು ಹೇಳಿದಳು. ತಾಕಿನ ಒಳಗಿಂದ ಒಂದು ಕಡ್ಡಿ ಕಿತ್ತರೂ ತನ್ನ ಲೆಕ್ಕ ಹೋಗುತ್ತದೆ, ಹೋದ ವರ್ಷ ಒಂದು ಸಲ ಹೋಗಿದೆ, ಇನ್ನೊಮ್ಮೆ ಹೋದರೆ ಪದವಿಯೇ ಇಲ್ಲ. ತಾಕಿನ ಸುತ್ತ ಅಂಚಿಗೆ ಬಿಟ್ಟ ಪಟ್ಟಿಯಲ್ಲಿ ಎಷ್ಟು ಬೇಕಾದರೂ ಕಿತ್ತುಕೊಳ್ಳಿ, ಅದು ಲೆಕ್ಕಕ್ಕಿಲ್ಲ.

"ಲೆಕ್ಕಕ್ಕಿಲ್ಲದ ಜಾಗದಿಂದ ಗೌರಿ ತರೂದಾ?" ಎಂದು ಒಬ್ಬಳು ಕೊಂಕು ತೆಗೆದಳು.

"ಇರ್ಲಿ ಬಿಡೇ" ಎಂದಳು ವೈನಿ. "ಗೌರಿಗೆ ಅಂಚು ಯಾವುದು, ನಡು ಯಾವುದು. ಹುಡುಗಿ ಅಪ್ಪನ್ನ ಕಳಕಂಡು ಕೂತದೆ, ಅದರ ಓದೂ ಹೋಗೂದು ಬೇಡ." ಎಲ್ಲರೂ ಒಪ್ಪಿದರು. ಗೌರಿ ಕೀಳುವ ಹಿರಿಯ ಮುತ್ತೈದೆ ದೇವಕಿಯಕ್ಕ ಮಾತ್ರ ಆವತ್ತು ಇರಲಿಲ್ಲ. ಸೊಸೆಯ ಹೆರಿಗೆಗೆಂದು ಕಾರವಾರದ ಆಸ್ಪತ್ರೆಯಲ್ಲಿದ್ದಳು. ಈ ಸಲ ಅವಳು ಬರುವುದಿಲ್ಲ, ಬದಲಿಗೆ ವೈನಿಯೇ ಕೀಳುವುದು ಎಂದು ಮಾತಾಗಿತ್ತು.

ನಾವಿಬ್ಬರು ಆ ಹಬ್ಬಕ್ಕೆ ಹೊರಗಿನವರು. ವರ್ಷದ ಶ್ರಾದ್ಧ ಮುಗಿಯಲು ಇನ್ನೂ ಕೆಲವು ದಿನ ಇದ್ದವು, ಅಲ್ಲಿಯ ತನಕ ನಮಗೆ ಹಬ್ಬ ಇಲ್ಲ. ಅಣ್ಣನ ಮನೆಗೆ ಆ ಮೈಲಿಗೆ ಇಲ್ಲದ್ದರಿಂದ ಒಳಗೆ ಚಕ್ಕುಲಿ ಕರಿಯುವ ಸದ್ದು, ನಾವು ಹೊರಗಿನ ಕೋಣೆಯಲ್ಲಿ. ತದಿಗೆಯ ಬೆಳಿಗ್ಗೆ ರೇಣು ಅಂಕೋಲೆ ಪೇಟೆಗೆ ಹೋದಳು. ಕಳೆಯ ಮಾದರಿ ಒಣಗಿಸಲು ಕಾಗದದ ಚೀಲ ಬೇಕಿತ್ತು. "ಆಯಿ, ನೀನು ಗದ್ದೆ ಹತ್ರ ಇರು. ಅತ್ತೆ ಅಂಚಿಂದೇ ಕೀಳ್ತಾಳೆ, ಆದ್ರೂ ನೋಡ್ಕ" ಎಂದು ಹೇಳಿ ಹೋದಳು. ವೈನಿ ಬೇಗ ಬಂದು ಬಾಯಿ ಮುಚ್ಚಿ, ಅಂಚಿನಿಂದ ತೆಳ್ಳಗಿನ ಒಂದು ಸೂಡಿ ಕಿತ್ತುಕೊಂಡು ಹೋದಳು. ನಾನು ಬದುವಿನ ಕೊನೆಯಲ್ಲಿ ಕೊಡೆ ಮಡಚಿ ಕೂತಿದ್ದೆ. ಮುಗಿಯಿತು ಎಂದುಕೊಂಡೆ.

ಆಗ ಕೇರಿಯ ಕಡೆಯಿಂದ ದೇವಕಿಯಕ್ಕ ಬಂದಳು. ಒದ್ದೆ ಕೂದಲು, ಹಸಿರು ಸೀರೆ, ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು. ಕಾರವಾರದಿಂದ ಮೊದಲ ಬಸ್ಸಿಗೆ ಬಂದು, ಮನೆಯಲ್ಲಿ ಯಾರ ಹತ್ತಿರವೂ ಎರಡು ಮಾತು ಆಡದೆ ಮಿಂದು ಹೊರಟಿದ್ದಳೆಂದು ಆಮೇಲೆ ತಿಳಿಯಿತು. ಜೀವಮಾನವಿಡೀ ಮಾಡಿದ ಕೆಲಸವನ್ನು ಈ ವರ್ಷ ತಪ್ಪಿಸಬಾರದೆಂದು ಬಂದವಳು. ನಮ್ಮ ಮಾತು ಅವಳಿಗೆ ಗೊತ್ತಿರಲಿಲ್ಲ. ಬಂದವಳೇ ಮೂಲೆಯ ತಾಕಿನ ಎದುರು ನಿಂತಳು. ಇಷ್ಟು ದಟ್ಟವಾದ ಗೌರಿಯನ್ನು ಅವಳು ಎಷ್ಟೋ ವರ್ಷದಿಂದ ಕಂಡಿರಲಿಕ್ಕಿಲ್ಲ. ಅವಳ ಮುಖ ಅರಳಿತು. ಬಾಗಿ ಮೊದಲ ಗಿಡಕ್ಕೆ ಕುಂಕುಮ ಇಟ್ಟಳು.

ನಾನು ಎದ್ದು ನಿಂತಿದ್ದೆ. ಕೂಗಿದರೆ ಕೇಳುವಷ್ಟು ಹತ್ತಿರ. ಬಾಯಿ ತೆರೆದೆ. ಧ್ವನಿ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಗಂಟಲವರೆಗೆ ಬಂದಿತ್ತು. ರೇಣುವಿನ ಹೋದ ವರ್ಷ ನೆನಪಾಯಿತು, ಅವಳ ಸರ್ ಹೇಳಿದ ಮಾತು ನೆನಪಾಯಿತು. ಆದರೆ ಕುಂಕುಮ ಇಟ್ಟಾಗಿತ್ತು. ಕುಂಕುಮ ಇಟ್ಟ ಮೇಲೆ ಅದು ಕಳೆಯಲ್ಲ, ಗೌರಿ. ಗೌರಿಯನ್ನು ತಡೆಯುವುದು ಹೇಗೆ, ಅದೂ ಗಂಡ ಹೋಗಿ ವರ್ಷ ತುಂಬದ ನಾನು? ದೇವಕಿಯಕ್ಕ ತಲೆ ಎತ್ತಿ ನೋಡಿದರೆ ಅವಳ ಕಣ್ಣಿಗೆ ಮೊದಲು ಬೀಳುವವಳು ನಾನಾಗುತ್ತಿದ್ದೆ. ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದು ಗುಡ್ಡದ ಕಡೆ ತಿರುಗಿ ನಿಂತೆ. ಹಿಂದೆ ಬೇರು ಕಿತ್ತುಬರುವ ಸದ್ದು ಕೇಳುತ್ತಲೇ ಇತ್ತು. ಮಳೆಗೆ ನೆಂದ ಮಣ್ಣು, ಜೋರು ಮಾಡಬೇಕಾಗಿರಲಿಲ್ಲ. ಅವಳು ಒಂದು ಮನೆಗಲ್ಲ, ಇಡೀ ಕೇರಿಗೆ ಕೀಳುತ್ತಿದ್ದಳು. ನಾನು ತಿರುಗಿದಾಗ ಒಂದು ಹೊರೆ ಹೂವು ಗದ್ದೆ ದಾಟಿ ಹೋಗುತ್ತಿತ್ತು, ಕೆಳಗೆ ಹಸಿರು ಸೀರೆ. ಮೂಲೆಯ ತಾಕಿನ ಮಧ್ಯದಲ್ಲಿ ಅಲ್ಲಿಯ ತನಕ ಕಾಣದಿದ್ದ ಸೋಯಾಬೀನ್, ಹಳದಿ ಹಿಡಿದು ನಿಂತಿತ್ತು.

ರೇಣು ಬಂದಾಗ ನಾನು ಅಲ್ಲೇ ಇದ್ದೆ.

"ಯಾರು?" ಎಂದಳು.

"ದೇವಕಿಯಕ್ಕ."

"ನೀನು ಇರಲಿಲ್ವಾ?"

"ಇದ್ದೆ."

"ಹೇಳಲಿಲ್ವಾ ಆಯಿ?"

"ಗೌರಿ ತಕಂಡು ಹೋಗುವವರ ಹಿಂದೆ ಕೂಗೂದು ಹ್ಯಾಂಗೆ ರೇಣು."

ಅವಳು ಬೈಯಲಿಲ್ಲ. ತಾಕಿನ ಸುತ್ತ ಒಂದು ಸುತ್ತು ಬಂದಳು, ಗೂಟ ನೋಡಿದಳು, ಬೇರು ಕಿತ್ತ ಗುಳಿಗಳನ್ನು ನೋಡಿದಳು. ಆಮೇಲೆ ಪೆನ್ನು ಕಾಗದ ಹಿಡಿದು ಸೀದಾ ದೇವಕಿಯಕ್ಕನ ಮನೆಗೆ ನಡೆದಳು. ಜಗಳ ಆಗುತ್ತದೆಂದು ನಾನು ಹಿಂದೆ ಓಡಿದೆ.

ದೇವಕಿಯಕ್ಕ ಆಗಷ್ಟೇ ಗೌರಿಯನ್ನು ಇಳಿಸಿ, ಮನೆಮನೆಗೆ ಸೂಡಿ ಹಂಚಲು ಪಾಲು ಮಾಡುತ್ತಿದ್ದಳು. ಈಗ ಅವಳು ಮಾತಾಡಬಹುದಿತ್ತು. ರೇಣು ಮೆಟ್ಟಿಲ ಕೆಳಗೇ ನಿಂತಳು, ವರ್ಷದ ಮೈಲಿಗೆ ಅವಳಿಗೂ ಗೊತ್ತು.

"ದೊಡ್ಡಮ್ಮ, ಅದನ್ನ ಪಾಲು ಮಾಡೂಕೆ ಮುಂಚೆ ಸ್ವಲ್ಪ ನಿಲ್ಲಿ. ತುಂಬೆ ಎಷ್ಟು ಅದೆ, ಗೌರಿ ಹೂವು ಎಷ್ಟು ಅದೆ ಎಣಿಸಿ ಹೇಳ್ತೀರಾ? ನಾನು ಮುಟ್ಟೂದಿಲ್ಲ."

"ಗೌರಿನ ಎಣಿಸೂದಾ? ಇದ್ಯಾವ ಪೂಜೆ ಮಗಳೆ?"

ಪಕ್ಕದ ಮನೆಯವಳು ಯಾರೋ ಒಳಗಿನಿಂದ ವಿಷಯ ಹೇಳಿದಳು. ದೇವಕಿಯಕ್ಕ ಎದೆಗೆ ಕೈ ಇಟ್ಟುಕೊಂಡು ಕೂತುಬಿಟ್ಟಳು.

"ಅಯ್ಯೋ ನನ್ನ ದೇವರೇ, ನಿನ್ನ ಪರೀಕ್ಷೆದಾ ಇದು? ನಂಗ್ಯಾರೂ ಹೇಳ್ಲಿಲ್ಲವಲ್ಲ. ಇಷ್ಟು ಚಂದ ಬಂದದೆ, ದೇವರೇ ಇಟ್ಟದ್ದು ಅಂತ ಮಾಡಿದ್ದೆ." ಆಮೇಲೆ ಧ್ವನಿ ತಗ್ಗಿಸಿ, "ಒಂದು ಕೆಲ್ಸ ಮಾಡ್ತೆ ತಂಗೀ. ಗೌರಿನ ಕಳಿಸೂ ದಿನ ನೀರಿಗೆ ಬಿಡದೆ ನಿಂಗೇ ಕೊಡ್ತೆ. ಬೇರು ಹಾಂಗೇ ಅದೆ. ಎಲ್ಲಿಂದ ಕಿತ್ತಿದ್ನೋ ಅಲ್ಲೇ ನೆಟ್ಟು ಬಿಡು. ನಿನ್ನ ಮಾಸ್ತರ್ರಿಗೆ ಗೊತ್ತಾಗೂದಿಲ್ಲ."

ರೇಣು ಅವಳನ್ನೇ ನೋಡುತ್ತ ನಿಂತಳು. ತುಟಿ ಒಮ್ಮೆ ಅಲುಗಿತು, ನಗುವೋ ಏನೋ.

"ಕಿತ್ತದ್ದು ನೆಟ್ರೆ ಅದೇ ಆಗೂದಿಲ್ಲ ದೊಡ್ಡಮ್ಮ."

"ಆಗೂದಿಲ್ಲ ಅಲ್ದಾ" ಎಂದಳು ದೇವಕಿಯಕ್ಕ. ಆಮೇಲೆ ಎಣಿಸಿದಳು. ಒಂದೊಂದೇ ಗಿಡ ಎತ್ತಿ, ಹೆಸರು ಹೇಳುತ್ತಾ, ಎಣಿಸಿದ್ದಕ್ಕೆ ಗೌರಿಯ ಕ್ಷಮೆ ಕೇಳುತ್ತಾ. ರೇಣು ಮೆಟ್ಟಿಲ ಕೆಳಗೆ ಮಳೆಹನಿಯಲ್ಲಿ ಕಾಗದ ನೆನೆಯದ ಹಾಗೆ ಬಾಗಿ ಬರೆದುಕೊಂಡಳು.

ಅದರಿಂದ ಏನೂ ಆಗಲಿಲ್ಲ. ಆವತ್ತೇ ಫೋನಿನಲ್ಲಿ ಸರ್ ಹೇಳಿದರು. ಕಳೆ ಕಿತ್ತ ಮೇಲೆ ಅಲ್ಲಿಯ ಸೋಯಾಕ್ಕೆ ಬೆಳಕು ಸಿಕ್ಕಿತು, ಗಾಳಿ ಸಿಕ್ಕಿತು, ಇನ್ನು ಅದು ಏನೂ ಮಾಡದೆ ಬಿಟ್ಟ ತಾಕಲ್ಲ. ಆ ಮೂಲೆಯನ್ನು ಬಿಟ್ಟುಬಿಡು. ಉಳಿದವನ್ನಾದರೂ ಕೊನೆಯ ತನಕ ಕಾಯ್ದುಕೋ. ಒಪ್ಪುತ್ತಾರೋ ಇಲ್ಲವೋ ಕೊಯ್ಲಾದ ಮೇಲೆ ನೋಡುವಾ. ರೇಣು ಹೂಂ ಸರ್, ಹೂಂ ಸರ್ ಎಂದಳು. ಒಳಗೆ ಗಂಟೆ ಬಾರಿಸಿ ಆರತಿ ಎತ್ತುತ್ತಿದ್ದರು. ಹೊರಗಿನ ಕೋಣೆಯಲ್ಲಿ ಅವಳು ಫೋನ್ ಇಟ್ಟು, ಪೇಟೆಯಿಂದ ತಂದ ಕಾಗದದ ಚೀಲಗಳ ಮೇಲೆ ಉಳಿದ ತಾಕುಗಳ ಗುರುತು ಬರೆಯಲು ಕೂತಳು. ನಾನು ಅವಳ ಪಕ್ಕ ಕೂತು ಬರೆದಾದದ್ದನ್ನು ಜೋಡಿಸಿ ಇಟ್ಟೆ. ಆವತ್ತು ದೀಪದ ಎದುರು ಹೇಳಿಕೊಳ್ಳಲು ಒಂದನ್ನು ಹುಡುಕಬೇಕಾಯಿತು. ಅವಳು ನನ್ನನ್ನು ಪಕ್ಕದಲ್ಲಿ ಕೂರಲು ಬಿಟ್ಟಳು, ಅದನ್ನೇ ಹೇಳಿಕೊಂಡೆ.

ಶ್ರಾದ್ಧಕ್ಕೆ ಹಣಕೋಣಕ್ಕೆ ಬರಬೇಕಾಯಿತು. ಹೊರಡುವ ದಿನ ಸೋಯಾ ಎಲೆ ಉದುರಿಸಲು ಶುರು ಮಾಡಿತ್ತು. ಹೋದ ವರ್ಷದ ಹಾಗೇ. ಇಬ್ಬರೂ ಅದನ್ನು ನೋಡಿದೆವು, ಬಸ್ಸಿಗೆ ನಡೆದೆವು. ಪಿಂಡ ಇಟ್ಟು, ಕಾಗೆಗೆ ಎಡೆ ಇಟ್ಟು, ಭಟ್ಟರನ್ನು ಕಳಿಸಿ, ಮರುದಿನದ ಮೊದಲ ಬಸ್ಸಿಗೆ ತಿರುಗಿ ಹೋದೆವು. ಗದ್ದೆಗೆ ಹೋಗಿ ನೋಡಿದರೆ ಕಾಯಿಗಳು ಕಂದಾಗಿ ಒಣಗಿದ್ದವು, ಒಂದೂ ಒಡೆದಿರಲಿಲ್ಲ. ಬದುವಿನ ಮೇಲೆ ದೇವಕಿಯಕ್ಕ ಕೋಲು ಹಿಡಿದು ಕೂತಿದ್ದಳು.

"ನಿನ್ನೆಯಿಂದ ಹಕ್ಕಿ ಓಡಸ್ತಾ ಇದ್ದೆ" ಎಂದಳು. "ಒಳಗೆ ಕಾಲಿಡಲಿಲ್ಲ ಮಾರಾಯ್ತಿ, ಗೌರಿ ಮೇಲಾಣೆ."

ಕೊಯ್ಲಿಗೂ ಬಂದಳು. ರೇಣು ಹೇಳಿದ ತಾಕು, ಹೇಳಿದ ಹೊತ್ತಿಗೆ, ಒಂದರ ಕಾಳು ಇನ್ನೊಂದಕ್ಕೆ ಬೆರೆಯದ ಹಾಗೆ ಅಣ್ಣ, ವೈನಿ, ನಾನು, ದೇವಕಿಯಕ್ಕ ಕೊಯ್ದೆವು. ಮೂಲೆಯ ತಾಕನ್ನು ಕೊನೆಗೆ ಕೊಯ್ದು ಬೇರೆ ಇಟ್ಟೆವು, ತೂಗಲಿಲ್ಲ. ಮೊಳೆಯುವ ಮುಂಚೆ ಔಷಧಿ ಹೊಡೆದು ಆಮೇಲೆ ಒಂದು ಸಲ ಕೈಯಲ್ಲಿ ಕಿತ್ತ ತಾಕುಗಳೇ ಎಲ್ಲಕ್ಕಿಂತ ಮುಂದೆ ಬಂದವು. ಬರೀ ಔಷಧಿಯೂ ಅಲ್ಲ, ಬರೀ ಕೈಯೂ ಅಲ್ಲ. "ಹಾಂಗಾದ್ರೆ ಕಳೆ ಕೀಳೂ ನಮ್ಮನ್ನ ಪೂರ್ತಿ ಬಿಡಲಿಲ್ಲ" ಎಂದಳು ವೈನಿ, ಸೆರಗಿನಿಂದ ಕಾಳಿನ ಸಿಪ್ಪೆ ಕೊಡವುತ್ತಾ.

ರೇಣು ಕಾಲೇಜಿಗೆ ಹೋದಳು. ನಾನು ಹಣಕೋಣದ ಮನೆಯ ಬೀಗ ತೆಗೆದೆ. ಒಪ್ಪಿದರೋ ಇಲ್ಲವೋ ಎಂದು ಫೋನಿನಲ್ಲಿ ಕೇಳಲು ನನಗೆ ಬಾಯಿ ಬರಲಿಲ್ಲ, ಅವಳೂ ಹೇಳಲಿಲ್ಲ. ಚಳಿಗಾಲದಲ್ಲಿ ಒಂದು ಸಂಜೆ ಚೀಲ ಹೊತ್ತುಕೊಂಡು ಬಂದಳು. ಕೈಕಾಲು ತೊಳೆದು, ಅಡುಗೆಮನೆಯ ನೆಲದ ಮೇಲೆ ನನ್ನ ಪಕ್ಕ ಕೂತು, ದಪ್ಪ ರಟ್ಟು ಹಾಕಿಸಿದ ಪುಸ್ತಕ ನನ್ನ ತೊಡೆಯ ಮೇಲಿಟ್ಟಳು.

"ಒಪ್ಪಿದ್ರು ಆಯಿ."

ನಾನು ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡೆ. ಒಳಗೆಲ್ಲ ಇಂಗ್ಲಿಷು, ಕೋಷ್ಟಕಗಳು. ಮೂಲೆಯ ತಾಕು ಎಲ್ಲಿ ಎಂದು ಕೇಳಿದೆ. ಅವಳು ಹಾಳೆ ಮಗುಚಿ ಬೆರಳಿಟ್ಟು ತೋರಿಸಿದಳು. ಅಲ್ಲಿ ಖಾಲಿ ಇರುತ್ತದೆಂದುಕೊಂಡಿದ್ದೆ, ಬೇರೆ ತಾಕುಗಳ ಹಾಗೇ ಅಲ್ಲಿಯೂ ಒಂದು ಅಂಕೆ ಇತ್ತು. ತಲೆಯ ಮೇಲೆ ಸಣ್ಣ ನಕ್ಷತ್ರ.

"ಇದು ಹ್ಯಾಂಗೆ ಬಂತು? ನಾವು ತೂಗಲೇ ಇಲ್ಲವಲ್ಲ."

"ಒಂದು ತಾಕು ಹೋದ್ರೆ ಉಳಿದವುಗಳಿಂದ ಲೆಕ್ಕ ಹಾಕಿ ಅದರ ಜಾಗಕ್ಕೆ ಒಂದು ಅಂಕೆ ಬರೀಲಿಕ್ಕೆ ಆಗ್ತದೆ. ಅದರ ಅಕ್ಕಪಕ್ಕದವು ಎಷ್ಟು ಕೊಟ್ಟವು, ಅದರ ಜೊತೆಯವು ಬೇರೆ ಕಡೆ ಎಷ್ಟು ಕೊಟ್ಟವು, ಎಲ್ಲ ನೋಡಿ."

"ಹಾಂಗಾದ್ರೆ ಹೋದದ್ದು ಬಂತು ಅಂತಾ?"

"ಇಲ್ಲ ಆಯಿ. ಆ ಅಂಕೆಯಿಂದ ಹೊಸತು ಎಂತದೂ ಗೊತ್ತಾಗೂದಿಲ್ಲ. ಖಾಲಿ ಬಿಟ್ರೆ ಉಳಿದವನ್ನ ಕೂಡಿಸೂಕೆ ಆಗೂದಿಲ್ಲ, ಅದಕ್ಕೆ ಹಾಕೂದು. ಹಾಕಿದ್ದೇವೆ ಅಂತ ಕೆಳಗೆ ಬರೀಬೇಕು. ಬರೀದೆ ಇದ್ರೆ ಸುಳ್ಳಾಗ್ತದೆ."

ಕೋಷ್ಟಕದ ಕೆಳಗೆ, ಅದೇ ನಕ್ಷತ್ರದ ಪಕ್ಕ, ಸಣ್ಣ ಅಕ್ಷರದ ಒಂದು ಸಾಲು ಇತ್ತು. ಎಂತ ಬರೆದಿದ್ಯೇ ಎಂದು ಕೇಳಿದೆ. ಅವಳು ಮನಸ್ಸಿನಲ್ಲೇ ಒಮ್ಮೆ ಓದಿಕೊಂಡು, ಕನ್ನಡ ಮಾಡಿ, ಶಾಲೆಯಲ್ಲಿ ಪಾಠ ಓದುವವರ ಹಾಗೆ ನಿಧಾನ ಹೇಳಿದಳು:

"ಈ ತಾಕನ್ನು ನಾವು ಕಳೆದುಕೊಂಡೆವು. ಉಳಿದವುಗಳಿಂದ ಲೆಕ್ಕ ಹಾಕಿದ್ದೇವೆ."

ಕಳೆದುಕೊಂಡೆವು ಎಂಬಲ್ಲಿ ಅವಳ ಧ್ವನಿ ತೆಳ್ಳಗಾಯಿತು. ನಮ್ಮವರ ಬಗ್ಗೆ ಊರವರು ತೀರಿಕೊಂಡರು ಎಂದಿದ್ದರು, ಹೋದರು ಎಂದಿದ್ದರು, ದೇವರ ಪಾದ ಸೇರಿದರು ಎಂದಿದ್ದರು. ನಾವಿಬ್ಬರು ಈ ಮನೆಯಲ್ಲಿ ಏನನ್ನೂ ಅಂದಿರಲಿಲ್ಲ. ರೇಣು ಪುಸ್ತಕದಿಂದ ಬೆರಳು ತೆಗೆಯಲಿಲ್ಲ. ಹಾಳೆಯ ಮೇಲೆ ಒಂದು ಹನಿ ಬಿತ್ತು, ಅವಳು ಬೇಗ ಸೆರಗು ಕೇಳುವಂತೆ ನನ್ನ ಕಡೆ ನೋಡಿದಳು. ಕೊಟ್ಟೆ. ಒರೆಸಿದಳು, ಮೊದಲು ಹಾಳೆ, ಆಮೇಲೆ ಮುಖ.

"ಇನ್ನೊಮ್ಮೆ ಓದು" ಎಂದೆ.

ಓದಿದಳು.